ಗೆಳೆಯನ ಮೌನ

ಕೊಪ್ಪಳದ ನೆರೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ತಲೆತಲಾಂತರದಿಂದ ಹಗುರಾದ ಮರದಲ್ಲಿ ದೇವತಾಮೂರ್ತಿಗಳನ್ನು ಕಡೆದು ಬಣ್ಣವೇರಿಸುತ್ತ ಬಂದಿವೆ. ಗರುಡನ ಮೂಗು ಹೇಗಿರಬೇಕೆಂಬುದು ಅಲ್ಲಿ ಅಜ್ಜಂದಿರ ಕಾಲಕ್ಕೇ ನಿಶ್ಚಿತವಾದುದು. ಕೆಲಸದಲ್ಲಿ ಕುಂದಿದ್ದರೆ ಹಿರಿಯರು ತಿದ್ದಿಯಾರು. ಅದರಿಂದ ಸ್ನೇಹಕ್ಕೆ ಚ್ಯುತಿಯುಂಟಾಗದು. ಆದರೆ ಏಕಾಕಿಯಾಗಿ ಹೊಸ ಹಾದಿಯನ್ನು ತುಳಿಯುವ ಕಲಾವಿದನಿಗೆ ಈ ಆಸರೆ ಎಲ್ಲಿಯದು? ಆತನಿಗೆ ಗೆಳೆಯನ ಒಂದು ನುಡಿಯೇ ಪರಂಪರೆ, ಅದೇ ಹಿರಿಯರ ಆಶೀರ್ವಾದ.

ಅಮೆರಿಕದ ಚಿತ್ರಕಾರ ಫಿಲಿಪ್ ಗಸ್ಟನ್ (1913–1980) ಹಾಗೂ ಸಂಗೀತರಚನಕಾರ ಮಾರ್ಟನ್ ಫೆಲ್ಡ್‌ಮನ್ (1926–1987) ಇವರ ಕಥೆಯೇ ಇದಕ್ಕೆ ಸಾಕ್ಷಿ. 1950ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಇವರೀರ್ವರ ಮೈತ್ರಿ ಬೆಳೆಯಿತು. ಗಸ್ಟನ್ನನ ಅಂದಿನ ಚಿತ್ರಗಳಲ್ಲಿ ವಸ್ತುವಿಲ್ಲ, ವ್ಯಕ್ತಿಯಿಲ್ಲ, ನಡುಗುವ ವರ್ಣಗಳಷ್ಟೇ. ಫೆಲ್ಡ್‌ಮನ್ನನ ಸಂಗೀತವೋ ಪಿಸುಮಾತಿನಷ್ಟು ಮೆಲ್ಲನೆಯದು; ಸ್ವರಸ್ವರದ ನಡುವೆ ದೀರ್ಘಮೌನ. ಒಬ್ಬನು ಕಂಡುದನ್ನು ಇನ್ನೊಬ್ಬನು ಕೇಳಿದಂತಿದ್ದಿತು ಅವರ ಬಾಳು.

ಆ ದಶಕ ಕಳೆದು ಮುಂದಿನದು ಬಂದಾಗ ದೇಶದಲ್ಲಿ ಯುದ್ಧ, ಹಿಂಸೆ, ವರ್ಣದ್ವೇಷ ತಾಂಡವವಾಡುತ್ತಿದ್ದವು. ಇದರ ನಡುವೆ ಬರಿಯ ಬಣ್ಣಕ್ಕೆ ಬಣ್ಣ ಹೊಂದಿಸುತ್ತ ಕೂರುವುದು ಗಸ್ಟನ್ನನಿಗೆ ಸಹಿಸದಾಯಿತು. 1970ರಲ್ಲಿ ನ್ಯೂಯಾರ್ಕಿನಲ್ಲಿ ಆತನು ತೆರೆದ ಪ್ರದರ್ಶನದಲ್ಲಿ, ಕರಿಯರನ್ನು ಹಿಂಸಿಸುತ್ತಿದ್ದ ಮುಸುಕುಧಾರಿಗಳ ಚಿತ್ರಗಳು ವ್ಯಂಗ್ಯಚಿತ್ರದಂತೆ ಒರಟಾಗಿ ಮೂಡಿದ್ದವು. ವಿಮರ್ಶಕರು ಹಳಿದರು. ಅದನ್ನು ಆತನು ತಾಳಿಕೊಳ್ಳಬಹುದಿತ್ತು. ಗೆಳೆಯನನ್ನು ಅಭಿಪ್ರಾಯ ಕೇಳಿದಾಗ ಆತನು ಕ್ಷಣಹೊತ್ತು ತಡವರಿಸಿದನು. ಅಷ್ಟೇ! ಇಪ್ಪತ್ತು ವರ್ಷಗಳ ಸ್ನೇಹ ಕಡಿದುಹೋಯಿತು.

ಫೆಲ್ಡ್‌ಮನ್ ತಪ್ಪಿತಸ್ಥನೇ? ಮೆಚ್ಚದುದನ್ನು ಮೆಚ್ಚಿದೆನೆಂದು ಆತನು ನಟಿಸಲಿಲ್ಲ, ಅದು ಪ್ರಾಮಾಣಿಕತೆ. ಆದರೆ ಚಿತ್ರವನ್ನೊಪ್ಪದೆಯೂ ಚಿತ್ರಕಾರನ ಪಕ್ಕದಲ್ಲಿ ನಿಲ್ಲಬಹುದೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

1978ರಲ್ಲಿ ಗಸ್ಟನ್ ಆತನ ಚಿತ್ರವನ್ನು ಬರೆದನು: ಬಾಯಲ್ಲಿ ಸಿಗರೇಟು, ಮುಖ ಅತ್ತ ತಿರುಗಿದೆ. ಆದರೂ ಶೀರ್ಷಿಕೆಯಲ್ಲಿ ಆತನನ್ನು ‘ಗೆಳೆಯ’ನೆಂದೇ ಕರೆದನು. 1980ರಲ್ಲಿ ಗಸ್ಟನ್ ತೀರಿಕೊಂಡಾಗ, ಆತನ ಇಚ್ಛೆಯಂತೆ ಯೆಹೂದ್ಯರ ಅಂತ್ಯಪ್ರಾರ್ಥನೆಯನ್ನು ಓದಿದವನು ಫೆಲ್ಡ್‌ಮನ್ನನೇ. 1984ರಲ್ಲಿ ಆತನು ಗಸ್ಟನ್ನನ ಹೆಸರಿನಲ್ಲಿಯೇ ಒಂದು ಕೃತಿಯನ್ನು ರಚಿಸಿದನು. ಕೊಳಲು, ಪಿಯಾನೋ, ತಾಳವಾದ್ಯಗಳಿಗೆಂದು ರಚಿತವಾದ ಅದನ್ನು ನುಡಿಸಲು ನಾಲ್ಕು ತಾಸಿಗೂ ಮಿಕ್ಕು ಬೇಕು.

ಅಂದು ಒಂದು ಮಾತಿನಲ್ಲಿ ಮುಗಿಯಬಹುದಾಗಿದ್ದ ಉತ್ತರಕ್ಕೆ ನಾಲ್ಕು ತಾಸುಗಳೂ ಸಾಲಲಿಲ್ಲವೇನೋ! ಕೇಳಬೇಕಾದ ಕಿವಿಯು ಅಷ್ಟರಲ್ಲಿ ಮಣ್ಣಾಗಿದ್ದಿತು.