ಮುಂದಿನ ಸಾಗರ ಹುಡುಕು

ನೀನಾಸಮ್ ಮತ್ತು ಅಕ್ಷರ ಪ್ರಕಾಶನದ ಊರಾದ ಹೆಗ್ಗೋಡಿನಲ್ಲಿ ಕರಡು ತಿದ್ದುವ ಕೆಲಸ ಯಾರಿಗೂ ಹೊಸದಲ್ಲ. ಹಿಂದೆ ಅಚ್ಚಿನ ಮೊಳೆಯಲ್ಲಿ ನಡೆಯುತ್ತಿದ್ದ ತಿದ್ದುಪಡಿ ಈಗ ಬಹುಪಾಲು ನಡೆಯುವುದು ಕಂಪ್ಯೂಟರಿನ ಒಂದು ಪುಟ್ಟ ಕಿಟಕಿಯಲ್ಲಿ: ‘ಹುಡುಕು, ಬದಲಿಸು’. ಆ ಕಿಟಕಿಯನ್ನು ಕನ್ನಡದ ಕೆಲಸ ನೋಡಿ ಕಟ್ಟಿಲ್ಲ ಎಂಬುದು ನನ್ನ ತಕರಾರು.

ಪರಿಚಿತ ಲೇಖಕರೊಬ್ಬರ ನೆನಪಿನ ಬರಹಗಳಲ್ಲಿ, ಊರಿನ ಅರ್ಥದಲ್ಲಿ ‘ಸಾಗರ’ ಬಂದಲ್ಲೆಲ್ಲ ‘ಸಾಗರ ಪೇಟೆ’ ಎಂದು ಮಾಡಬೇಕಿತ್ತು. ‘ಎಲ್ಲ ಬದಲಿಸು’ ಒತ್ತುವ ಹಾಗಿಲ್ಲ; ಹಿಂದೂ ಮಹಾಸಾಗರವೂ ಈಶ್ವರಚಂದ್ರ ವಿದ್ಯಾಸಾಗರರೂ ಪೇಟೆಗೆ ಬಂದುಬಿಡುತ್ತಾರೆ. ‘ಇಡೀ ಪದ ಮಾತ್ರ’ ಎಂದರೆ ಸಾಗರಕ್ಕೆ, ಸಾಗರದ, ಸಾಗರದಿಂದ, ಸಾಗರದವರು ಎಲ್ಲವೂ ಕೈತಪ್ಪುತ್ತವೆ. ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದಲ್ಲ. ‘ಸಾಗರಕ್ಕೆ’ ಎಂಬುದು ‘ಸಾಗರ ಪೇಟೆಗೆ’ ಆಗಬೇಕು, ಅದನ್ನು ಕೈಯಿಂದಲೇ ತಿದ್ದಬೇಕು. ಹಾಗಾಗಿ ಕನ್ನಡದಲ್ಲಿ ಒಂದೊಂದನ್ನೂ ನಿಂತು ನೋಡಿ ದಾಟುವುದೇ ಸರಿಯಾದ ದಾರಿ.

ಡಿಟಿಪಿ ಮಾಡುವ ಅಕ್ಕನ ಪಕ್ಕ ಕೂತು ನೋಡಿದೆ. ಪದ ಸಿಕ್ಕಿತು. ಮೌಸು ಹಿಡಿದು ಪುಟದ ಮೇಲೆ ಒತ್ತಿದರು, ತಿದ್ದಿದರು, ಮತ್ತೆ ಮೌಸು ಹಿಡಿದು ಕಿಟಕಿಗೆ ಬಂದು ‘ಮುಂದಿನದು’ ಒತ್ತಿದರು. ಆ ಹೊತ್ತಿಗೆ ಕಿಟಕಿ ಸರಿದು, ಸಿಕ್ಕ ಪದದ ಮೇಲೇ ಕೂತಿತ್ತು. ಅದನ್ನು ಎಳೆದು ಆಚೆ ಇಟ್ಟರು. “ಟೈಪ್ ಮಾಡಿದ್ರೆ ಕೈ ನೋಯೂದಿಲ್ಲ ಮಾರಾಯ್ರೆ, ಈ ಓಡಾಟಕ್ಕೇ ಭುಜ ಹಿಡಿಯೂದು” ಅಂದರು.

ಕೆಲಸದ ಸಲಕರಣೆ ಇಷ್ಟು ಒರಟಾಗಿರಬೇಕಿಲ್ಲ. ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ಕೆ.ಪಿ. ರಾವ್, ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನೇ ನೋಡಿ. ಒತ್ತಕ್ಷರ ಕೂಡಿಸಲು ಪದೇಪದೇ ಬೇಕಾಗುವ ಅರ್ಧಾಕ್ಷರದ ಚಿಹ್ನೆಯನ್ನು ಅವರು ಎಫ್ ಕೀಲಿಗೆ ಕೊಟ್ಟರು. ಎಡಗೈ ತೋರುಬೆರಳು ಸುಮ್ಮನೆ ಕೂರುವ ಜಾಗವೇ ಅದು. ಕನ್ನಡದ ಬೆರಳನ್ನು ಹಾಗೆ ಗಮನಿಸಿದವರು ಡೈಲಾಗ್ ಕಿಟಕಿ ಮಾಡುವವರಲ್ಲೂ ಬೇಕು.

ನನಗೆ ಬೇಕಾದದ್ದು ದೊಡ್ಡದೇನಲ್ಲ. ಕಿಟಕಿ ತೆರೆದಾಗ ಕರ್ಸರು ಹುಡುಕುವ ಖಾನೆಯಲ್ಲೇ ಇರಲಿ. ಎಂಟರ್ ಒತ್ತಿದರೆ ‘ಮುಂದಿನದು’ ಆಗಲಿ, ಎಂದೂ ‘ಎಲ್ಲ ಬದಲಿಸು’ ಆಗದಿರಲಿ. ಎಸ್ಕೇಪ್ ಒತ್ತಿದರೆ ಮುಚ್ಚಲಿ. ಸಿಕ್ಕ ಪದವನ್ನು ಎಂದೂ ಮರೆಮಾಡದಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಕಿಟಕಿ ತೆರೆದಿದ್ದಾಗಲೂ ಒಂದೇ ಕೀಲಿಯಿಂದ ಪುಟಕ್ಕೆ ಹೋಗಿ ತಿದ್ದಿ, ಅದೇ ಕೀಲಿಯಿಂದ ವಾಪಸು ಬರುವಂತಿರಲಿ. ಕಟ್, ಕಾಪಿ, ಪೇಸ್ಟ್ ರೂಪಿಸಿದವರಲ್ಲೊಬ್ಬರಾದ ಲ್ಯಾರಿ ಟೆಸ್ಲರ್ ಜೀವನವಿಡೀ ವಾದಿಸಿದ್ದು ಇದನ್ನೇ: ಬಳಸುವವರನ್ನು ಒಂದು ಸ್ಥಿತಿಯಲ್ಲಿ ಕಟ್ಟಿಹಾಕಬೇಡಿ. ತಮ್ಮ ಕಾರಿನ ನಂಬರ್ ಪ್ಲೇಟಿನಲ್ಲೂ ಅವರು ಅದನ್ನೇ ಬರೆಸಿದ್ದರು.

ಇನ್ನು ಗುಂಡಿಗಳ ಅಕ್ಷರ. ಇಂಗ್ಲಿಷ್ ಕಿಟಕಿಯಲ್ಲಿ ಒಂದೊಂದು ಗುಂಡಿಯ ಒಂದಕ್ಷರಕ್ಕೆ ಅಡಿಗೆರೆ ಇರುತ್ತದೆ. ಆಲ್ಟ್ ಜೊತೆ ಅದನ್ನು ಒತ್ತಿದರೆ ಕೆಲಸವಾಗುತ್ತದೆ. ಕನ್ನಡ ಅನುವಾದಗಳಲ್ಲಿ ಎಷ್ಟೋ ಕಡೆ ‘ಕಡತ’ದ ಪಕ್ಕ ಕಂಸದಲ್ಲಿ ಇಂಗ್ಲಿಷಿನ ಎಫ್ ಕೂರುತ್ತದೆ. ‘ಹುಡುಕು’ವಿನ ‘ಹ’ಕ್ಕೇ ಗುರುತು ಹಾಕಬಹುದಲ್ಲ? ರಾಯರ ವಿನ್ಯಾಸದಲ್ಲಿ ‘ಹ’ ಇರುವುದು ಎಚ್ ಕೀಲಿಯಲ್ಲೇ. ಆ ಹೊತ್ತಿಗೆ ಟೈಪಿಂಗಿನ ಭಾಷೆ ಯಾವುದೇ ಇರಲಿ, ಒತ್ತಿದ ಕೀಲಿ ಯಾವುದೆಂದಷ್ಟೇ ತಂತ್ರಾಂಶ ನೋಡಿದರೆ ಸಾಕು. ಒತ್ತಕ್ಷರ ಇರುವ ಕಡೆ ಮಾತ್ರ ಅಡಿಗೆರೆ ಆ ಒತ್ತಿನ ಮೇಲೇ ಹಾಯ್ದುಹೋಗುತ್ತದೆ. ಅಲ್ಲಿ ಗೆರೆಯ ಬದಲು ಬಣ್ಣ ಕೊಡಲಿ.