ಸಿಗಂದೂರಿನ ಮೇಲೆ ಪಣಜಿಗೆ

ಸಾಗರದಿಂದ ಗೋವಾಕ್ಕೆ ಹೋಗುವವರು ಸಾಮಾನ್ಯವಾಗಿ ಸಿಗಂದೂರಿನ ಮೇಲೆ ಹೋಗುವುದಿಲ್ಲ. ತಾಳಗುಪ್ಪ, ಜೋಗ ದಾಟಿ ಗೇರುಸೊಪ್ಪೆ ಘಾಟಿ ಇಳಿದರೆ ಹೊನ್ನಾವರ. ಅಲ್ಲಿಂದ ಹೆದ್ದಾರಿ ಸೀದಾ ಕಾರವಾರಕ್ಕೆ. ನಾವು ಸುತ್ತು ದಾರಿ ಹಿಡಿದದ್ದು ಅಕ್ಕನ ಹಠಕ್ಕೆ. ಅವಳ ಮಗ ಪಣಜಿಗೆ ಪೋಕರ್ ಟೂರ್ನಮೆಂಟ್ ಆಡಲು ಹೊರಟಿದ್ದ. ಹೊರಡುವ ಮೊದಲು ಚೌಡೇಶ್ವರಿಯ ಎದುರು ನಿಂತು ಒಂದು ಮಾತು ಕೊಡಬೇಕು ಅನ್ನುವುದು ಅವಳ ಷರತ್ತು. ನನ್ನದು ಬರೀ ಕುತೂಹಲ. ಮದುವೆ ಮನೆಯಲ್ಲಿ ಊಟದ ಎಲೆ ತೆಗೆದ ಮೇಲೆ ಚಾಪೆ ಹಾಸಿ ಬೆಳಗಿನವರೆಗೆ ಇಪ್ಪತ್ತೆಂಟು ಆಡಿದವರ ಪೈಕಿ ನಾನೂ ಒಬ್ಬ. ಅದೇ ಇಸ್ಪೀಟಿನ ಎಲೆ ಹಿಡಿದು ಮನುಷ್ಯ ಸಂಸಾರ ಸಾಗಿಸಬಹುದೇ ಎಂದು ನೋಡಬೇಕಿತ್ತು.

ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಪೋಕರಿಗೆ ಇಳಿದವನು. ಮೊದಲೆಲ್ಲ ಆಡುತ್ತಿದ್ದದ್ದು ಕಂಪ್ಯೂಟರಿನ ಮುಂದೆ ಕೂತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನೆಲ್ಲ, ಅದೃಷ್ಟದ್ದಿರಲಿ ಕೌಶಲದ್ದಿರಲಿ, ಒಟ್ಟಿಗೇ ನಿಷೇಧಿಸುವ ಕಾಯ್ದೆ ತಂದಿತು. ಆಗಸ್ಟ್ 22ಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ದೊಡ್ಡ ದೊಡ್ಡ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದವು. ಆಮೇಲೆ ಇವನಿಗೆ ಉಳಿದದ್ದು ಎದುರಾಬದುರು ಕೂತು ಆಡುವ ಮೇಜು, ಅಂದರೆ ಬಹುಮಟ್ಟಿಗೆ ಗೋವಾ.

ಅಂಬಾರಗೋಡ್ಲಿನಲ್ಲಿ ಕಾರು ಸೇತುವೆ ಹತ್ತಿತು. ಲಾಂಚಿಗೆ ಕಾದು ಕೂತು ಗೊತ್ತಿದ್ದವರಿಗೆ ಈ ಸೇತುವೆ ಈಗಲೂ ಪೂರ್ತಿ ನಂಬಿಕೆ ಬರುವಂಥದ್ದಲ್ಲ. ಎರಡು ಕಿಲೋಮೀಟರಿಗೂ ಉದ್ದ, ಮಧ್ಯೆ ಕಂಬಗಳಿಂದ ಇಳಿಬಿಟ್ಟ ಕೇಬಲ್ಲು, ಕೆಳಗೆ ಶರಾವತಿಯ ಹಿನ್ನೀರು. 2025ರ ಜುಲೈ 14ರಂದು ನಿತಿನ್ ಗಡ್ಕರಿ ಉದ್ಘಾಟಿಸಿದರು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನೀರು ನಿಂತು ದಾರಿ ಮುಳುಗಿದಂದಿನಿಂದ ಲೆಕ್ಕ ಹಾಕಿದರೆ ಆಚೆ ದಡದ ಕರೂರು ಸೀಮೆಯವರು ಅರವತ್ತು ವರ್ಷ ಕಾದಿದ್ದಾರೆ. ನಾಡಿಗೆಲ್ಲ ಕರೆಂಟು ಕೊಟ್ಟವರು ಹೆರಿಗೆ ನೋವು ಬಂದ ಹೆಂಗಸನ್ನು ಕರೆದುಕೊಂಡು ಲಾಂಚಿನ ಹೊತ್ತು ನೋಡಬೇಕಿತ್ತು. ಹಿಂದೆ ಈ ದಾರಿಯಲ್ಲಿ ಬಂದಾಗೆಲ್ಲ ದಡದಲ್ಲಿ ಒಂದು ಚಹಾ, ಒಂದಿಷ್ಟು ಹರಟೆ ಆಗುತ್ತಿತ್ತು. ಈಗ ಅದಕ್ಕೆ ಪುರುಸೊತ್ತಿಲ್ಲ. ಸೇತುವೆಯ ಮೇಲೆ ನಿಂತು ಸೆಲ್ಫಿ ತೆಗೆಯುವವರದ್ದೇ ಒಂದು ಜಾತ್ರೆ. ಕಳಸವಳ್ಳಿ ಬಂದದ್ದೇ ಗೊತ್ತಾಗಲಿಲ್ಲ.

ಚೌಡೇಶ್ವರಿ ಕಳ್ಳರಿಗೆ ಸಿಂಹಸ್ವಪ್ನ. ಮಲೆನಾಡಿನಲ್ಲಿ ತೋಟದ ದಣಪೆಗೆ, ಮನೆ ಬಾಗಿಲಿಗೆ, ಕೆಲವು ಕಡೆ ಲಾರಿಯ ಬೆನ್ನಿಗೂ ಸಿಗಂದೂರು ದೇವಿಯ ಕಾವಲಿದೆ ಎಂಬ ಬೋರ್ಡು ನೇತುಹಾಕಿರುತ್ತಾರೆ. ಬೀಗಕ್ಕಿಂತ ಅದಕ್ಕೆ ಹೆಚ್ಚು ಬೆಲೆ. ಕಳೆದುಕೊಂಡದ್ದು ಸಿಗಲಿ, ಕೊಟ್ಟ ಸಾಲ ವಾಪಸಾಗಲಿ, ಆಸ್ತಿ ತಕರಾರು ಮುಗಿಯಲಿ ಎಂದು ಹರಕೆ ಹೊತ್ತು ಬರುವವರೇ ಬಹಳ. ಇಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಳ್ಳಲಾಗದು ಎಂಬ ಭಯ ಊರಿಂದೂರಿಗೆ ಹರಡಿದೆ. ಕೈಯಲ್ಲಿ ಏನೂ ಇಲ್ಲದಿದ್ದರೂ ಇದ್ದಂತೆ ತೋರಿಸಿ ಎದುರಿನವನನ್ನು ಓಡಿಸುವ ಆಟದವನನ್ನು ಇಂಥ ದೇವರ ಮುಂದೆ ತಂದು ನಿಲ್ಲಿಸಿದ್ದಳು ಅಕ್ಕ.

ಅವಳು ಗೆಲುವು ಬೇಡಿಕೊಳ್ಳಲಿಲ್ಲ. "ಸಾಲ ಮಾಡಿ ಆಡೋದಿಲ್ಲ ಅಂತ ಹೇಳು, ಅಷ್ಟೇ ಸಾಕು ನಂಗೆ" ಅಂದಳು.

ಹುಡುಗ ತಡವರಿಸಿದ. ಸರತಿಯಲ್ಲಿ ಹಿಂದಿದ್ದವರು ಮುಂದೆ ನೂಕುತ್ತಿದ್ದರು. ನಾನು ಅವನನ್ನು ಪಕ್ಕಕ್ಕೆ ಕರೆದೆ.

"ಎಂತದ ಅದು? ಅಷ್ಟು ಹೇಳೋದಕ್ಕೆ ಎಂತ ಕಷ್ಟ?"

"ಮಾವ, ನಾನು ಆಡೋದು ಪೂರ್ತಿ ನನ್ನ ದುಡ್ಡಲ್ಲ. ಪಾಲುದಾರರಿದಾರೆ. ಪ್ರವೇಶದ ಹಣ ಅವರು ಹಾಕ್ತಾರೆ, ಗೆದ್ರೆ ಅರ್ಧ ಅರ್ಧ. ಸೋತ್ರೆ ನಾನು ಕೊಡೋದೇನಿಲ್ಲ."

"ಹಂಗಾರೆ ಸಾಲ ಅಲ್ವಲ್ಲ."

"ಸೋತದ್ದು ಲೆಕ್ಕದಲ್ಲಿ ನಿಲ್ತದೆ. ಮೇಕಪ್ ಅಂತಾರೆ. ಮುಂದೆ ಗೆದ್ದಾಗ ಮೊದಲು ಅದು ತುಂಬಬೇಕು. ತುಂಬಿದ ಮೇಲೆ ಮಿಕ್ಕಿದ್ದರಲ್ಲಿ ನಂಗೆ ಅರ್ಧ."

ಮಲೆನಾಡಿನವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆ ಮಂಡಿಯಲ್ಲಿ ಮುಂಗಡ ತಂದು, ಕೊಳೆ ಬಂದು ಫಸಲು ಉದುರಿ, ಮುಂದಿನ ವರ್ಷದ ರಾಶಿಯೂ ಮನೆಗೆ ಬರುವ ಮೊದಲೇ ಮಂಡಿಯ ಪುಸ್ತಕಕ್ಕೆ ಜಮೆಯಾಗುವುದು ಇದೇ ಥರ. ನನ್ನ ಭಾವ ಸಾಯುವವರೆಗೂ ಆ ಪುಸ್ತಕದಲ್ಲಿದ್ದರು. ಅಕ್ಕನಿಗೆ ನಾನೇ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಬಡ್ಡಿ ಸಾಲ ಮಾಡೋದಿಲ್ಲ ಅಂತಾದ್ರೂ ಹೇಳ್ಲಿ" ಎಂದು ಇಳಿದಳು. ಅಷ್ಟನ್ನು ಅವನು ಹೇಳಿದ. ಊಟ ಮುಗಿಸಿ ಅಕ್ಕ ಸಾಗರದ ಬಸ್ಸು ಹತ್ತಿದಳು.

ನಿಟ್ಟೂರಿನ ಮೇಲೆ ನಾಗೋಡಿ ಘಾಟಿಗೆ ಬಂದೆವು. ಹೊಸನಗರ ತಾಲ್ಲೂಕಿನ ಈ ಅಂಚು ನನಗೆ ಬಹಳ ಇಷ್ಟದ ಜಾಗ. ಆದರೆ ಕಾರಿನಲ್ಲಿ ಮಾತು ಕಾಡಿನ ಮೇಲಿರಲಿಲ್ಲ. ಇಸ್ಪೀಟಿಗೂ ನಿನ್ನ ಆಟಕ್ಕೂ ವ್ಯತ್ಯಾಸವೇನು, ನಮ್ಮೂರ ಕಾನಿನಲ್ಲಿ ಅಂದರ್ ಬಾಹರ್ ಆಡುವವರನ್ನು ಪೊಲೀಸರು ಓಡಿಸಿಕೊಂಡು ಹೋಗುತ್ತಾರಲ್ಲ, ನಿನ್ನನ್ನೇಕೆ ಬಿಟ್ಟಿದ್ದಾರೆ ಎಂದು ಕೇಳಿದೆ.

ಉತ್ತರ ಅವನ ಬಾಯಿತುದಿಯಲ್ಲಿತ್ತು. ಅಂದರ್ ಬಾಹರಿನಲ್ಲಿ ಎಲೆ ಎಡಕ್ಕೆ ಬಿತ್ತೋ ಬಲಕ್ಕೆ ಬಿತ್ತೋ ಅಷ್ಟೇ, ಆಡುವವನ ತಲೆಗೆ ಕೆಲಸವಿಲ್ಲ. ಪೋಕರಿನಲ್ಲಿ ಎರಡು ಎಲೆ ನಿನ್ನ ಕೈಯಲ್ಲಿ, ಐದು ಎಲೆ ಎಲ್ಲರಿಗೂ ಸೇರಿ ಮೇಜಿನ ಮೇಲೆ. ಆ ಐದು ಒಟ್ಟಿಗೆ ಬರುವುದಿಲ್ಲ. ಮೊದಲು ಮೂರು, ಆಮೇಲೆ ಒಂದು, ಕೊನೆಗೊಂದು. ಪ್ರತಿ ಹಂತದಲ್ಲೂ ಪಣ ಏರಿಸಬಹುದು, ಎಲೆ ಬಿಸಾಡಿ ಸುಮ್ಮನಾಗಬಹುದು. ಜೋಡಿ ಎಕ್ಕ ಸರಾಸರಿ 221 ಕೈಗೆ ಒಂದು ಸಲ ಬರುತ್ತದೆ. ಅಲ್ಲಿಯವರೆಗೆ ಬಿಸಾಡುವ ತಾಳ್ಮೆಯೇ ಅರ್ಧ ಆಟ.

ಕಾನೂನೂ ಅವನಿಗೆ ಕಂಠಪಾಠ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೇ ಕೌಶಲದ ಆಟಕ್ಕೆ ವಿನಾಯಿತಿ ಇದೆ. ರಮ್ಮಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟು 1968ರಷ್ಟು ಹಿಂದೆಯೇ ಹೇಳಿತ್ತು. ಪೋಕರಿಗೂ ಅದೇ ಅನ್ವಯ ಎಂಬ ನಿಲುವು 2013ರಲ್ಲಿ ನಮ್ಮ ಹೈಕೋರ್ಟಿನಿಂದ ಬಂತು. ರಾಜ್ಯ ಸರ್ಕಾರ 2021ರಲ್ಲಿ ಕಾಯ್ದೆ ತಿದ್ದಿ ಆನ್‌ಲೈನ್ ಹಣದಾಟಕ್ಕೆ ತಡೆ ಹಾಕಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನೇ ಹೊಡೆದುಹಾಕಿತು. ಈಗ ಕೇಂದ್ರದ ಸರದಿ.

"ಸಂತೋಷ್ ಸುವರ್ಣ ಗೊತ್ತಿದಾರ ನಿಂಗೆ?" ಅಂದ. ನನಗೆ ಗೊತ್ತಿರಲಿಲ್ಲ. ನಮ್ಮ ರಾಜ್ಯದವರೇ. 2024ರ ಜೂನ್‌ನಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ ಎರಡೂವರೆ ಲಕ್ಷ ಡಾಲರ್ ಪ್ರವೇಶ ಶುಲ್ಕದ ಪಂದ್ಯ ಗೆದ್ದರು. ಬಹುಮಾನ 54 ಲಕ್ಷ ಡಾಲರ್, ಆಗಿನ ಲೆಕ್ಕಕ್ಕೆ ಸುಮಾರು 45 ಕೋಟಿ ರೂಪಾಯಿ. ಆ ಸರಣಿ 1970ರಲ್ಲಿ ಒಂದು ಕ್ಯಾಸಿನೋದ ಮಾಲೀಕ ಬೆರಳೆಣಿಕೆಯ ಆಟಗಾರರನ್ನು ಕರೆದು ಶುರುಮಾಡಿದ್ದು. 2024ರ ಮುಖ್ಯ ಪಂದ್ಯಕ್ಕೆ ತಲಾ ಹತ್ತು ಸಾವಿರ ಡಾಲರ್ ಕಟ್ಟಿ ಕೂತವರು 10,112 ಮಂದಿ. 2003ರಲ್ಲಿ ಮನಿಮೇಕರ್ ಎಂಬ ಹೆಸರಿನ ಅಮೆರಿಕದ ಲೆಕ್ಕಿಗನೊಬ್ಬ ಆನ್‌ಲೈನ್‌ನ ಚಿಲ್ಲರೆ ಪಂದ್ಯದಿಂದ ಅರ್ಹತೆ ಪಡೆದು 25 ಲಕ್ಷ ಡಾಲರ್ ಗೆದ್ದ. ಲೋಕದ ತುಂಬ ಹುಡುಗರು ಕೆಲಸ ಬಿಟ್ಟು ಎಲೆ ಹಿಡಿದದ್ದು ಅಲ್ಲಿಂದ. ಇವರಿಬ್ಬರ ಹೆಸರು ಹೇಳುವಾಗ ನನ್ನ ಅಳಿಯನ ದನಿಯೇ ಬೇರೆ. ಮಿಕ್ಕ ಹತ್ತು ಸಾವಿರ ಜನರ ಹೆಸರು ಯಾರು ಹೇಳುತ್ತಾರೆ ಎಂದು ಕೇಳಬೇಕೆನಿಸಿತು; ಕೊಲ್ಲೂರು ಬಂದಿತ್ತು, ಕೇಳಲಿಲ್ಲ.

ಬೈಂದೂರಿನಲ್ಲಿ ಹೆದ್ದಾರಿ. ಭಟ್ಕಳ, ಮುರ್ಡೇಶ್ವರ ಸರಿದವು. ಬೆಳಿಗ್ಗೆ ಅಂಬಾರಗೋಡ್ಲಿನಲ್ಲಿ ದಾಟಿದ್ದ ಶರಾವತಿಯನ್ನೇ ಹೊನ್ನಾವರದಲ್ಲಿ ಮತ್ತೆ ದಾಟಿದೆವು, ಈ ಸಲ ಸಮುದ್ರ ಸೇರುವ ಕಡೆ. ಕಾರವಾರ ಕಳೆದು ಪಣಜಿ ಸೇರುವಾಗ ರಾತ್ರಿ.

ಮಾಂಡೋವಿ ನದಿಯ ಮೇಲೆ ಕ್ಯಾಸಿನೋ ಹಡಗುಗಳು ಸಾಲಾಗಿ ಬಣ್ಣದ ದೀಪ ಉರಿಸಿಕೊಂಡು ಲಂಗರು ಹಾಕಿ ನಿಂತಿರುತ್ತವೆ. ಜೂಜಿನ ಮೇಜು ದಡದ ಮೇಲೆ ಕಾನೂನುಬಾಹಿರ, ನೀರಿನ ಮೇಲೆ ಸಕ್ರಮ: 1976ರ ಗೋವಾ ಜೂಜು ಕಾಯ್ದೆಗೆ ಆಮೇಲೆ ಮಾಡಿದ ತಿದ್ದುಪಡಿಗಳು ತೆರೆದ ಕಿಂಡಿ ಇದು. 2020ರಿಂದ ಗೋವಾದವರಿಗೇ ಇಲ್ಲಿ ಆಡಲು ಪ್ರವೇಶವಿಲ್ಲ. ತಮ್ಮ ಮಕ್ಕಳನ್ನು ಹೊರಗಿಟ್ಟು ನೆರೆಯವರ ಮಕ್ಕಳಿಗೆ ಬಾಗಿಲು ತೆಗೆದ ಸರ್ಕಾರದ ಜಾಣತನಕ್ಕೆ ಏನೆನ್ನಬೇಕೋ ತಿಳಿಯದು. ಜೆಟ್ಟಿಯಿಂದ ಹಡಗಿಗೆ ಸಣ್ಣ ದೋಣಿ. ದೋಣಿಯಲ್ಲಿ ಕಿವಿಗೆ ಬಿದ್ದದ್ದು ಹೆಚ್ಚಾಗಿ ಕನ್ನಡವೇ, ಹುಬ್ಬಳ್ಳಿ ಕಡೆಯದು ಒಂದಷ್ಟು, ಬೆಂಗಳೂರಿನದು ಒಂದಷ್ಟು.

ಪೋಕರ್ ಕೋಣೆಯಲ್ಲಿ ಕೆಳಗಿನ ಗದ್ದಲವಿಲ್ಲ. ಮೈ ನಡುಗುವಷ್ಟು ಏಸಿ. ಟೋಪಿ, ಕಪ್ಪು ಕನ್ನಡಕ, ಕಿವಿಗೆ ಹೆಡ್‌ಫೋನು ಹಾಕಿಕೊಂಡ ಹುಡುಗರು ಮಾತಿಲ್ಲದೆ ಕೂತಿರುತ್ತಾರೆ. ಬೆರಳ ಸಂದಿಯಲ್ಲಿ ಚಿಪ್ಪುಗಳ ಕಟಕಟ ಮಾತ್ರ. ಟೂರ್ನಮೆಂಟಿನ ಚಿಪ್ಪು ಹಣವಲ್ಲ. ಎಲ್ಲರಿಗೂ ಒಂದೇ ಮೊತ್ತದ ಚಿಪ್ಪು, ಮುಗಿದರೆ ಎದ್ದು ಹೋಗಬೇಕು, ಇಲ್ಲವೇ ಸಮಯವಿದ್ದರೆ ಮತ್ತೆ ಶುಲ್ಕ ಕಟ್ಟಿ ಕೂರಬೇಕು. ಕೈ ಹಿಡಿಯುವ ಮೊದಲೇ ಇಬ್ಬರು ಇಡಬೇಕಾದ ಕಡ್ಡಾಯದ ಪಣ ಹೊತ್ತು ಹೋದಂತೆ ಏರುತ್ತದೆ. ಸುಮ್ಮನೆ ಕಾಯುತ್ತ ಕೂತವನ ಚಿಪ್ಪನ್ನು ಗಡಿಯಾರವೇ ತಿಂದು ಹಾಕುತ್ತದೆ. ನೂರು ಜನ ಕೂತರೆ ಹಣ ಸಿಗುವುದು ಸುಮಾರು ಹದಿನೈದು ಜನಕ್ಕೆ, ಅದರಲ್ಲೂ ದೊಡ್ಡ ಪಾಲು ಮೊದಲ ಮೂವರಿಗೆ.

ಹಗ್ಗದ ಆಚೆ ನಿಂತು ನೋಡಿದೆ. ಹುಡುಗ ನಿಜಕ್ಕೂ ಚೆನ್ನಾಗಿ ಆಡುತ್ತಾನೆ. ಗಂಟೆಗಟ್ಟಲೆ ಎಲೆ ಬಿಸಾಡಿದ, ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಅವನ ಮೇಜಿನಲ್ಲಿ ಒಬ್ಬರು ವ್ಯಾಪಾರಸ್ಥರಿದ್ದರು. ಎಲೆ ನೋಡುವ ಮೊದಲೇ ನಗುತ್ತಿದ್ದರು, ಹಣ ಹೋದರೂ ನಗುತ್ತಿದ್ದರು. ವೃತ್ತಿಯವರು ಇಂಥವರನ್ನು ಮೀನು ಎನ್ನುತ್ತಾರಂತೆ. ಮೇಜಿನಲ್ಲಿ ಮೀನಿಲ್ಲದಿದ್ದರೆ ಎಷ್ಟೇ ಜಾಣನಾದರೂ ಕೂರುವುದು ದಂಡ ಎಂದು ಅವನೇ ಹೇಳಿದ್ದ.

ಇನ್ನು ಕೆಲವರು ಹೊರಬಿದ್ದರೆ ಉಳಿದವರಿಗೆಲ್ಲ ಹಣ ಖಾತ್ರಿ ಎನ್ನುವ ಹೊತ್ತಿನಲ್ಲಿ ಅವನಿಗೆ ಜೋಡಿ ರಾಜ ಬಂತು. ಎಲ್ಲ ಚಿಪ್ಪೂ ಮುಂದೆ ತಳ್ಳಿದ. ನಗುವ ವ್ಯಾಪಾರಸ್ಥರು ಎಕ್ಕ, ಗುಲಾಮ ಹಿಡಿದು ಹಿಂದೆಯೇ ಬಂದರು. ಹತ್ತರಲ್ಲಿ ಏಳು ಸಲ ರಾಜನೇ ಗೆಲ್ಲುವ ಕೈ. ನಾಲ್ಕು ಎಲೆ ತೆರೆದಾಗಲೂ ಅವರಿಗೆ ಏನೂ ಕೂಡಿರಲಿಲ್ಲ. ಕಾಣದೆ ಉಳಿದ 44 ಎಲೆಗಳಲ್ಲಿ ಅವರನ್ನು ಉಳಿಸಬಲ್ಲವು ಮೂರೇ ಎಕ್ಕ. ಕೊನೆಯ ಎಲೆಗೆ ಆಟೀನಿನ ಎಕ್ಕ ಬಿತ್ತು. ಹುಡುಗ ಎದ್ದು, ಅವರ ಕೈ ಕುಲುಕಿ, ಹೊರಗೆ ಬಂದ. ನನ್ನ ಎದೆಯೇ ಇನ್ನೂ ಹೊಡೆದುಕೊಳ್ಳುತ್ತಿತ್ತು.

"ಸರಿಯಾಗೇ ಆಡಿದೀನಿ ಮಾವ" ಅಂದ. ಅದು ನಿಜ. ಕೋರ್ಟುಗಳು ಹೇಳಿದ್ದೂ ನಿಜ, ಇದು ಕೌಶಲದ ಆಟವೇ. ಆದರೆ ಆ ಕೌಶಲ ಲೆಕ್ಕಕ್ಕೆ ಬರುವುದು ಸಾವಿರಾರು ಕೈ ಆಡಿದ ಮೇಲೆ. ಅಲ್ಲಿಯವರೆಗೆ ಕೂತಿರಲು ಬೇಕಾದ ಹಣ ಅವನದ್ದಲ್ಲ. ಸರಣಿಯ ಉಳಿದ ಪಂದ್ಯಗಳಲ್ಲಿ ಒಂದು ಚಿಕ್ಕದರಲ್ಲಿ ಬಹುಮಾನ ಬಂತು. ಗೆದ್ದದ್ದಕ್ಕೆ ಶೇ. 30ರ ತೆರಿಗೆ, ಅದರ ಮೇಲೆ ಸೆಸ್ಸು. ಮಿಕ್ಕಿದ್ದು ಪಾಲುದಾರರ ಮೇಕಪ್ ಲೆಕ್ಕಕ್ಕೆ ಹೋಯಿತು. ಅವನ ಕೈಗೆ ಬಂದದ್ದು ಊಟ ವಸತಿಯ ಖರ್ಚು.

ಹೋಟೆಲಿನಲ್ಲಿ ಲ್ಯಾಪ್‌ಟಾಪ್ ತೆರೆದು ಲೆಕ್ಕ ತೋರಿಸಿದ. ಯಾವ ಪಂದ್ಯ, ಎಷ್ಟು ಶುಲ್ಕ, ಎಷ್ಟು ಹೊತ್ತು, ಎಷ್ಟು ಬಂತು, ಎಲ್ಲ ಅಚ್ಚುಕಟ್ಟಾಗಿ ಬರೆದಿಟ್ಟಿದ್ದಾನೆ. ಕೊನೆಯ ಕಾಲಮ್ಮಿನಲ್ಲಿ ಮೇಕಪ್. ಆ ಅಂಕಿಯನ್ನು ಅಕ್ಕನಿಗೆ ನಾನು ಹೇಳಿಲ್ಲ, ಅವನೇ ಹೇಳಬೇಕು ಎಂದಿದ್ದೇನೆ. ನಿಮ್ಮ ಮನೆಯಲ್ಲೂ ಯಾರಾದರೂ ಹುಡುಗ ಪೋಕರ್ ಆಡಿ ಬದುಕುತ್ತೇನೆ ಎಂದು ಕೆಲಸ ಬಿಟ್ಟು ಬಂದರೆ, ಇದು ಜೂಜೋ ಕೌಶಲವೋ ಎಂದು ಅವನೊಡನೆ ವಾದಕ್ಕೆ ಕೂರಬೇಡಿ. ಅದರಲ್ಲಿ ಅವನೇ ಗೆಲ್ಲುತ್ತಾನೆ. ಆ ಕೊನೆಯ ಕಾಲಮ್ಮು ತೋರಿಸು ಎಂದು ಕೇಳಿ.