ಮನೆಯನ್ನೇ ಎಳೆದುಕೊಂಡು ರಾಕಿ ಬೆಟ್ಟಗಳಿಗೆ

ಅಮೆರಿಕದ ಕೊಲರಾಡೊ ರಾಜ್ಯದ ರಾಜಧಾನಿ ಡೆನ್ವರ್ ಸಮುದ್ರಮಟ್ಟದಿಂದ 5,280 ಅಡಿ, ಅಂದರೆ ಸರಿಯಾಗಿ ಒಂದು ಮೈಲಿ ಎತ್ತರದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಸಾಗುವ ಐ-70 ಹೆದ್ದಾರಿಯಲ್ಲಿ ಬೇಸಿಗೆಯ ವಾರಾಂತ್ಯಗಳಲ್ಲಿ ಪಿಕಪ್ ಟ್ರಕ್‌ಗಳ ಸಾಲು ಕಾಣುತ್ತದೆ. ಹಲವು ಟ್ರಕ್‌ಗಳ ಹಿಂದೆ ಚಕ್ರದ ಮೇಲೊಂದು ಪುಟ್ಟ ಮನೆ. ಒಲೆ, ಫ್ರಿಜ್, ಹಾಸಿಗೆ, ಸ್ನಾನದ ಕೋಣೆ ಎಲ್ಲವೂ ಅದರೊಳಗೇ ಇರುತ್ತವೆ. ಇದಕ್ಕೆ ಟ್ರಾವೆಲ್ ಟ್ರೈಲರ್ ಎನ್ನುತ್ತಾರೆ. ಹೋಟೆಲಿನ ಬಾಡಿಗೆ ಇಲ್ಲದೆ, ತಮ್ಮದೇ ಅಡುಗೆ ಉಂಡು ಮಕ್ಕಳೊಂದಿಗೆ ನಾಲ್ಕು ದಿನ ಕಳೆಯಬಹುದು.

ಆದರೆ ಈ ಮನೆಯನ್ನು ಎಳೆಯಲು ಗಟ್ಟಿ ಗಾಡಿ ಬೇಕು. ಹೊಸ ಡೀಸೆಲ್ ಪಿಕಪ್‌ನ ಬೆಲೆ ಸಾಮಾನ್ಯ ಕುಟುಂಬಕ್ಕೆ ಎಟುಕುವುದು ಕಷ್ಟ. ಹಾಗಾಗಿ ಅನೇಕರು ಹಳೆಯ ಗಾಡಿ ಹುಡುಕುತ್ತಾರೆ. ಡಾಡ್ಜ್ ರಾಮ್‌ನಲ್ಲಿ ಬರುತ್ತಿದ್ದ 5.9 ಲೀಟರ್ ಕಮಿನ್ಸ್ ಎಂಜಿನ್, ಫೋರ್ಡ್‌ನ 7.3 ಲೀಟರ್ ಪವರ್‌ಸ್ಟ್ರೋಕ್ ಇವುಗಳಿಗೆ ಇಂದಿಗೂ ಬೇಡಿಕೆಯಿದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ, ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಇರುವ ಡೀಸೆಲ್‌ಗೆ ಈ ತೊಂದರೆ ಕಡಿಮೆ.

ಡೆನ್ವರ್‌ನಿಂದ ಸುಮಾರು 60 ಮೈಲಿ ಏರಿದರೆ ಐಸೆನ್‌ಹೋವರ್ ಸುರಂಗ. 1973ರಲ್ಲಿ ತೆರೆದ ಇದರ ಎತ್ತರ 11,000 ಅಡಿಗೂ ಹೆಚ್ಚು. ಸುರಂಗ ದಾಟಿದೊಡನೆ ಸಿಲ್ವರ್‌ಥಾರ್ನ್ ಊರಿನವರೆಗೆ ಸುಮಾರು 8 ಮೈಲಿ ಕಡಿದಾದ ಇಳಿಜಾರು. ಬ್ರೇಕ್ ಕಾದು ಹಿಡಿತ ತಪ್ಪಿದ ಲಾರಿಗಳನ್ನು ತಡೆಯಲೆಂದೇ ರಸ್ತೆಯ ಪಕ್ಕದಲ್ಲಿ ಮೇಲಕ್ಕೆ ಏರುವ ದಾರಿಗಳನ್ನು ಮಾಡಿದ್ದಾರೆ. ಗಾಡಿ ಎಷ್ಟು ಎಳೆಯಬಲ್ಲದು ಎಂದು ಎಲ್ಲರೂ ಕೇಳುತ್ತಾರೆ. ಕುಟುಂಬದ ಜೀವ ನಿಂತಿರುವುದು ಅದು ಎಷ್ಟು ಹೊರಬಲ್ಲದು, ಹೇಗೆ ನಿಲ್ಲಬಲ್ಲದು ಎಂಬುದರ ಮೇಲೆ.

ಹೊರುವ ಲೆಕ್ಕವನ್ನು ಮನೆಯೊಡತಿಯೇ ಚೆನ್ನಾಗಿ ಮಾಡಬಲ್ಲಳು. ಚಾಲಕನ ಬಾಗಿಲ ಚೌಕಟ್ಟಿನಲ್ಲಿ, ಜನ ಮತ್ತು ಸಾಮಾನು ಸೇರಿ ಎಷ್ಟು ತೂಕ ಮೀರಬಾರದು ಎಂಬ ಚೀಟಿ ಅಂಟಿಸಿರುತ್ತಾರೆ. ಅದು 900 ಕಿಲೋ ಎಂದಿಟ್ಟುಕೊಳ್ಳಿ. ಟ್ರೈಲರ್‌ನ ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಟ್ರಕ್ಕಿನ ಹಿಂಭಾಗದ ಮೇಲೆ ಕೂರುತ್ತದೆ. 3,200 ಕಿಲೋ ಟ್ರೈಲರ್‌ನಲ್ಲಿ ಶೇ. 12 ಎಂದರೆ 384 ಕಿಲೋ. ಐದು ಜನರಿಗೆ 320, ಜೋಡಿಸುವ ಕೊಂಡಿಗೆ 45. ಉಳಿದದ್ದು ಬರೀ 151 ಕಿಲೋ! ಸೈಕಲ್, ಜನರೇಟರ್, ಪೆಟ್ಟಿಗೆಗಳು ಎಲ್ಲವೂ ಇದರಲ್ಲೇ ಮುಗಿಯಬೇಕು. ಮಾರುವವರು ಹೇಳುವ ಟ್ರೈಲರ್‌ನ ಖಾಲಿ ತೂಕವನ್ನು ನಂಬಿ ಕೂರಬೇಡಿ. ತೊಟ್ಟಿಯ ನೀರೇ ಲೀಟರಿಗೆ ಒಂದು ಕಿಲೋ. ಡೀಸೆಲ್ ಎಂಜಿನ್ ತಾನೇ ಭಾರವಾದ್ದರಿಂದ ಅದೇ ಮಾದರಿಯ ಪೆಟ್ರೋಲ್ ಗಾಡಿಗಿಂತ ಸಾಮಾನಿಗೆ ಸಿಗುವ ಪಾಲು ಸಾಮಾನ್ಯವಾಗಿ ಕಡಿಮೆ.

ಗಾಡಿ ನೋಡಲು ಹೋಗುವಾಗ ಎಂಜಿನ್ ತಣ್ಣಗಿರಬೇಕೆಂದು ಮೊದಲೇ ಹೇಳಿಡಿ. ಬಿಸಿಯಾದ ಎಂಜಿನ್ ತನ್ನ ಕಾಯಿಲೆ ಮುಚ್ಚಿಡುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೇ ಬರುತ್ತಿದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಿಂದ ಬಂದ ಗಾಡಿಯಾದರೆ ಅಡಿಯ ಚಾಸಿಗೆ ತುಕ್ಕು ಹಿಡಿದಿದೆಯೇ ಎಂದು ಬಗ್ಗಿ ನೋಡಬೇಕು. ಟ್ರೈಲರ್‌ನ ಬ್ರೇಕನ್ನು ನಿಯಂತ್ರಿಸುವ ಸಾಧನವೂ ಇಳಿಜಾರಿನಲ್ಲಿ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕೂ ಇವೆಯೇ ಎಂದು ಕೇಳಿ. 17 ಅಕ್ಷರ-ಅಂಕೆಗಳ ಗುರುತು ಸಂಖ್ಯೆಯನ್ನು ಕಾಗದಪತ್ರದೊಂದಿಗೆ ತಾಳೆ ನೋಡಿ. ಹಣ ಕೊಡುವ ಮೊದಲು ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ಗೆ ತೋರಿಸುವ ಖರ್ಚು ದಂಡವಲ್ಲ.

ಇಳಿಜಾರು ಮುಗಿದಲ್ಲಿ ಡಿಲನ್ ಜಲಾಶಯ. ಡೆನ್ವರ್‌ಗೆ ಕುಡಿಯುವ ನೀರು ಒದಗಿಸಲು 1963ರಲ್ಲಿ ಕಟ್ಟಿ ಮುಗಿಸಿದ ಇದಕ್ಕಾಗಿ ಹಳೆಯ ಡಿಲನ್ ಊರನ್ನೇ ಸ್ಥಳಾಂತರಿಸಿದರು. ಸುತ್ತ ಹಿಮ ಹೊತ್ತ ಶಿಖರಗಳು, ದಡದಲ್ಲಿ ಟ್ರೈಲರ್ ನಿಲ್ಲಿಸುವ ತಾಣಗಳು. ಲೆಕ್ಕ ಸರಿಯಿಟ್ಟು ಹೊರಟ ಕುಟುಂಬ ಇಲ್ಲಿ ನೆಮ್ಮದಿಯಿಂದ ಚಹಾಕ್ಕೆ ನೀರಿಡಬಹುದು.